ಹಳಬನನ್ನು ಬೈಯುವ ದಿನ

ಮಾರ್ಗರ್ ಮಗುಚಿದ್ದು ಒಂದು ಶನಿವಾರ, ಅದೂ ತನ್ನ ಮಾಂಸದ ಅಂಗಡಿಯಲ್ಲಿ, ಅರ್ಧ ಕುರಿ ಕತ್ತರಿಸಿ ಮುಗಿಸಿದ್ದಾಗ. ಕೈಯಲ್ಲಿದ್ದ ಕತ್ತಿಯನ್ನು ನೋಡಿದ, ಕೊಕ್ಕೆಗೆ ನೇತುಹಾಕಿದ್ದ ಉಳಿದರ್ಧವನ್ನು ನೋಡಿದ, ಅಯ್ಯೋ ಪಾಪ ಎಂದು ನೆಲದ ಮೇಲೆ ಕೂತುಬಿಟ್ಟ. ಸಾಲಿನಲ್ಲಿ ನಿಂತಿದ್ದ ನಾವು ಯಾರೂ ಗಾಬರಿಯಾಗಲಿಲ್ಲ. ನನ್ನ ಹಿಂದಿದ್ದ ಹೆಂಗಸು, ಮಗುಚಲಿ, ಬೇಡ ಅನ್ನುವವರು ಯಾರು, ನನ್ನ ಅರ್ಧ ಕಿಲೋ ತೂಗಿಕೊಟ್ಟು ಆಮೇಲೆ ಮಗುಚಬಹುದಿತ್ತಲ್ಲ ಎಂದು ಗೊಣಗಿದಳು. ಅವತ್ತಿನಿಂದ ಮಾರ್ಗರ್ ಮಾಂಸ ಮುಟ್ಟುವುದಿಲ್ಲ, ಅಂದರೆ ತಿನ್ನುವುದಿಲ್ಲ. ಕುರಿಗಳಿಗೆ ಹೆಸರಿಟ್ಟು ಕರೆಯುತ್ತಾನೆ. ಆದರೂ ಅಂಗಡಿ ಅವನದೇ, ಕತ್ತಿಯೂ ಅವನದೇ. ಮುಖ ಆ ಕಡೆ ತಿರುಗಿಸಿಕೊಂಡು ಕತ್ತರಿಸುತ್ತಾನೆ, ಹಾಗಾಗಿ ತುಂಡುಗಳು ಸ್ವಲ್ಪ ಸೊಟ್ಟ. ಕೆಲಸ ಮೈಗೆ ಸೇರಿದ್ದು, ಒಳಗಿರುವವರು ಬದಲಾದರು ಎಂದು ಅದನ್ನು ಬಿಡುವ ಹಾಗಿಲ್ಲ. ನಮ್ಮ ಊರಿನ ಕಟ್ಟಳೆ ಅದು.

ಕಾವಲಿಯ ಮೇಲೆ ರೊಟ್ಟಿ ಮಗುಚಿದಷ್ಟೇ ಸಲೀಸಾಗಿ ಇಲ್ಲಿ ಮನುಷ್ಯರು ಮಗುಚುತ್ತಾರೆ. ನಲವತ್ತು ದಾಟಿದ ಮೇಲೆ ಯಾವತ್ತೋ ಒಂದು ದಿನ. ಮುಖ ಅದೇ, ಮೊಣಕಾಲು ನೋವೂ ಅದೇ. ನೆನಪುಗಳೆಲ್ಲ ಇರುತ್ತವೆ, ಆದರೆ ಪಕ್ಕದ ಮನೆಯವರ ಸಂಗತಿ ನೆನಪಿದ್ದ ಹಾಗೆ ಇರುತ್ತವೆ. ರುಚಿ ಬೇರೆಯಾಗುತ್ತದೆ, ಸಿಟ್ಟು ಬೇರೆ ಕಡೆಯಿಂದ ಬರುತ್ತದೆ, ನಗುವ ಜಾಗ ಬದಲಾಗುತ್ತದೆ. ನಮ್ಮ ಪಾದ್ರಿ ಗೇಗಾಮ್ ಮಗುಚಿದಾಗ ದೇವರ ಮೇಲಿನ ನಂಬಿಕೆ ಪೂರ್ತಿ ಹೋಯಿತು. ಆದರೆ ಪ್ರಾರ್ಥನೆ ಹಾಡುವ ಕಂಠ ಮೈಯದ್ದು, ಹೋಗಲಿಲ್ಲ. ಈಗ ಪೂಜೆ ಮೊದಲಿಗಿಂತ ಬೇಗ ಮುಗಿಯುತ್ತದೆ, ಉಪದೇಶ ಇರುವುದಿಲ್ಲ, ಚರ್ಚಿನಲ್ಲಿ ಜನ ಜಾಸ್ತಿಯಾಗಿದ್ದಾರೆ.

ಕೆಲಸ ಮೈಗೆ ಸೇರಿದ್ದಾದರೆ ಮದುವೆ ಒಳಗಿನವರಿಗೆ ಸೇರಿದ್ದು. ಗಂಡನೋ ಹೆಂಡತಿಯೋ ಮಗುಚಿದರೆ ಆ ಮದುವೆ ಅಲ್ಲಿಗೆ ನಿಂತಂತೆ. ಮುಂದುವರಿಯಬೇಕೆಂದರೆ ಮತ್ತೆ ನೋಡುವ ಶಾಸ್ತ್ರ ಆಗಬೇಕು. ಮಗುಚಿದವರು ವರನ ಹಾಗೋ ವಧುವಿನ ಹಾಗೋ ಬಂದು ಕೂರಬೇಕು, ಹಿರಿಯರು ಏನೂ ಗೊತ್ತಿಲ್ಲದವರ ಹಾಗೆ ಊರು ಕೇರಿ ವಿಚಾರಿಸಬೇಕು, ಕಾಫಿ ಆಗಬೇಕು, ಆಮೇಲೆ ಒಪ್ಪಿಗೆ ಅಥವಾ ಇಲ್ಲ. ಇಪ್ಪತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು ಕುರ್ಚಿಯ ತುದಿಯಲ್ಲಿ ಕೂತು ನಾಚಿಕೊಳ್ಳುವುದನ್ನು ನೋಡಬೇಕು ನೀವು.

ನನ್ನ ಹೆಂಡತಿ ಶೂಶಾನ್ ಮಗುಚಿ ಎರಡು ಬೇಸಿಗೆಯಾಗಿತ್ತು. ಹಳೆಯ ಶೂಶಾನ್ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಳು, ಮನೆಯಲ್ಲಿ ಸೌಟು ಎಸೆಯುತ್ತಿದ್ದಳು, ಸ್ವರವಾಗಲಿ ಸೌಟಾಗಲಿ ಗುರಿ ತಪ್ಪುತ್ತಿರಲಿಲ್ಲ. ಹೊಸ ಶೂಶಾನ್‌ಗೆ ಶ್ರುತಿಯ ಗಂಧವಿಲ್ಲ. ಕೆಲಸ ಮೈಯದ್ದಾದ್ದರಿಂದ ಈಗಲೂ ಅವಳೇ ಕಲಿಸುತ್ತಾಳೆ, ಮಕ್ಕಳು ಕಾಗೆಗಳ ಹಾಗೆ ಹಾಡುತ್ತವೆ, ತಂದೆತಾಯಿಗಳು ಚಪ್ಪಾಳೆ ತಟ್ಟುತ್ತಾರೆ. ಮನೆಯಲ್ಲಿ ಅವಳು ಮೆತ್ತಗೆ ಮಾತಾಡುತ್ತಾಳೆ, ನನ್ನ ಟವೆಲ್ ತೆಗೆದುಕೊಳ್ಳುವ ಮೊದಲು ಕೇಳುತ್ತಾಳೆ, ಸಂಜೆಯಾದರೆ ಜರ್ದಾಳು ಹಣ್ಣು ಒಣಗಿಸುವ ಮಾಳಿಗೆ ಹತ್ತಿ ಗಡಿಯಾಚೆಯ ಬೆಟ್ಟ ನೋಡುತ್ತಾ ನಿಲ್ಲುತ್ತಾಳೆ. ಆ ಬೆಟ್ಟ ನಮ್ಮ ಎಲ್ಲ ಕಿಟಕಿಗಳಿಂದ ಕಾಣುತ್ತದೆ, ಅಲ್ಲಿಗೆ ಹೋಗುವುದಕ್ಕೆ ಮಾತ್ರ ಬಿಡುವುದಿಲ್ಲ.

ನೋಡುವ ಶಾಸ್ತ್ರದಲ್ಲಿ ಅವಳು ನನ್ನನ್ನು ಒಪ್ಪಿದ್ದಳು ಎನ್ನುವಂತಿಲ್ಲ. ಕಾಫಿ ಕುಡಿದು, ಇವನೂ ಇನ್ನೇನು ಮಗುಚುವ ವಯಸ್ಸು, ಈಗ ಒಪ್ಪಿಕೊಂಡು ಆಮೇಲೆ ಇನ್ನೊಬ್ಬನ ಜೊತೆ ಮತ್ತೆ ಶುರು ಮಾಡುವುದು ಯಾಕೆ, ಅವನು ಮಗುಚಲಿ, ಆಗ ಹೇಳುತ್ತೇನೆ ಎಂದಿದ್ದಳು. ನ್ಯಾಯವಾದ ಮಾತು. ತೊಂದರೆ ಏನೆಂದರೆ ನಾನು ಮಗುಚಲಿಲ್ಲ. ಐವತ್ತು ದಾಟಿತು, ನಾನು ಇದ್ದ ಹಾಗೇ ಇದ್ದೆ. ನಮ್ಮಲ್ಲಿ ಅಂಥವರಿಗೆ ಹಸಿ ಎನ್ನುತ್ತಾರೆ, ಬೇಯದ ಹಿಟ್ಟಿಗೆ ಅಂದ ಹಾಗೆ.

ನಾನು, ಸಹಾಕ್, ಆಲಿಕಲ್ಲು ಫಿರಂಗಿ ಹಾರಿಸುವ ಕೆಲಸದವನು. ಊರ ಮೇಲಿನ ದಿಬ್ಬದಲ್ಲಿ ಆಕಾಶಕ್ಕೆ ಬಾಯಿ ತೆರೆದುಕೊಂಡ ದೊಡ್ಡ ಕಹಳೆಯಂಥ ಯಂತ್ರವಿದೆ. ಹೂ ಬಿಡುವ, ಕಾಯಿ ಕಟ್ಟುವ ಕಾಲದಲ್ಲಿ ಆಲಿಕಲ್ಲಿನ ಮೋಡ ಬಂದರೆ ಅದನ್ನು ಹಾರಿಸಬೇಕು, ಆ ಸದ್ದಿಗೆ ಮೋಡದೊಳಗಿನ ಮಂಜುಗಡ್ಡೆ ಒಡೆಯುತ್ತದೆ ಎಂದು ನಂಬಿಕೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಆ ನಂಬಿಕೆಗೆ ಆಧಾರವಿಲ್ಲ ಎಂದು ಸಂಬಳ ಎಣಿಸಿಕೊಳ್ಳುವಾಗಲೂ ಹೇಳುತ್ತಿದ್ದೆ. ಹೀಗಿದ್ದೂ ನಿಯಮದ ಪ್ರಕಾರ ಮೋಡದ ಎತ್ತರ, ಬಣ್ಣ, ಗಾಳಿಯ ದಿಕ್ಕು ಎಲ್ಲ ಹೊಂದಿದರೆ ಮಾತ್ರ ಹಾರಿಸುತ್ತಿದ್ದೆ. ನಾನು ಎಂಥ ಮನುಷ್ಯ ಎಂದು ನಿಮಗೆ ಅಂದಾಜಾಗಿರಬಹುದು.

ಆ ಬೇಸಿಗೆಯ ಶುರುವಿನಲ್ಲಿ ಅತ್ತೆ ಸತೆನಿಕ್ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿ, ಶೂಶಾನ್ ಕೆಳಗಿನ ಬೀದಿಯಲ್ಲಿ ಒಂದು ಖಾಲಿ ಕೋಣೆ ನೋಡುವುದಕ್ಕೆ ಹೋಗುತ್ತಿದ್ದಾಳೆ ಎಂದರು. ಅವಳನ್ನು ದೂರುವ ಧಾಟಿಯಲ್ಲಿ ಹೇಳಲಿಲ್ಲ. ಎಷ್ಟು ದಿನ ಅಂತ ಕಾಯ್ತಾಳೆ, ಹಸಿ ಹಿಟ್ಟಿನ ಮುಂದೆ ತಟ್ಟೆ ಇಟ್ಕೊಂಡು ಕೂತ ಹಾಗಾಯ್ತು ಎಂದಷ್ಟೇ ಹೇಳಿ ಕೊಡ ಎತ್ತಿಕೊಂಡು ಹೋದರು. ನಾನು ದಿಬ್ಬಕ್ಕೆ ಹೋಗಿ ಫಿರಂಗಿಯ ಪಕ್ಕ ಕೂತೆ. ಅವಳು ಹೋದರೆ ಟವೆಲ್ ಯಾರೂ ಕೇಳುವುದಿಲ್ಲ ಎಂಬ ಯೋಚನೆ ಬಂತು. ಅಷ್ಟು ಸಣ್ಣ ಯೋಚನೆ ಯಾಕೆ ಅಷ್ಟು ತೂಗಬೇಕು ಎಂದು ಲೆಕ್ಕ ಹಾಕಿ ನೋಡಿದೆ, ಸಿಗಲಿಲ್ಲ. ಆಗ, ತಾನಾಗಿ ಆಗದ್ದನ್ನು ಪ್ರಯೋಗದಿಂದ ಮಾಡಬಹುದು ಎಂದು ತೀರ್ಮಾನಿಸಿದೆ.

ಮಗುಚಿದ ಹಾಗೆ ನಟಿಸುವುದು ಹುಡುಗಾಟವಲ್ಲ. ನಮ್ಮ ಊರಿನ ಒಬ್ಬ ದರ್ಜಿ ಹಿಂದೆ ಹಾಗೆ ಮಾಡಿ ಸಿಕ್ಕಿಬಿದ್ದಿದ್ದ. ಅವನನ್ನು ಯಾರೂ ಹೊಡೆಯಲಿಲ್ಲ. ಆದರೆ ಅವನು ಹೊರಗೆ ಬಿಸಿಲಿದೆ ಎಂದರೂ ಜನ ಎದ್ದು ಕಿಟಕಿಯಿಂದ ನೋಡಿ ಬರುತ್ತಾರೆ, ಈಗಲೂ. ಅಂಥವರ ಜೊತೆ ನೋಡುವ ಶಾಸ್ತ್ರಕ್ಕೆ ಯಾವ ಹೆಂಗಸೂ ಕೂರಬೇಕಾಗಿಲ್ಲ. ನಟನೆ ಗೊತ್ತಾದರೆ ಶೂಶಾನ್ ಖಂಡಿತ ಹೋಗುತ್ತಾಳೆ. ನಟಿಸದಿದ್ದರೂ ಹೋಗುತ್ತಾಳೆ. ಎರಡನೆಯದು ನಿಶ್ಚಿತ, ಮೊದಲನೆಯದರಲ್ಲಿ ಸಂದುಂಟು.

ಅವಳು ಯಾರ ಜೊತೆ ನಗುತ್ತಾಳೆ ಎಂದು ಗಮನಿಸಿದೆ. ಮಾರ್ಗರ್‌ನ ಅಂಗಡಿಯಲ್ಲಿ ನಗುತ್ತಿದ್ದಳು. ಹಾಗಾಗಿ ಹೊಸ ಸಹಾಕ್‌ಗೆ ಮುಕ್ಕಾಲು ಪಾಲು ಮಾರ್ಗರ್, ಉಳಿದದ್ದಕ್ಕೆ ಪಾದ್ರಿ ಗೇಗಾಮ್‌ನ ಸೋಮಾರಿತನ ಬೆರೆಸಿದೆ. ಫಿರಂಗಿಯ ಮುಂದೆ ನಿಂತು ಮಾರ್ಗರ್‌ನ ಮೇಕೆಯ ಜೋಕು ಹೇಳುವುದನ್ನು ಅಭ್ಯಾಸ ಮಾಡಿದೆ. ಕಹಳೆಯ ಬಾಯಿಯೊಳಗೆ ನಗು ಸುತ್ತಿ ತಿರುಗಿ ಬರುತ್ತಿತ್ತು, ಇನ್ನೊಬ್ಬ ಯಾರೋ ನಕ್ಕ ಹಾಗೆ ಕೇಳಿಸುತ್ತಿತ್ತು, ಅದೇ ನನಗೆ ಬೇಕಾಗಿದ್ದುದು. ಒಂದು ಬೆಳಗ್ಗೆ ಬೂಟುಗಾಲನ್ನು ಊಟದ ಮೇಜಿನ ಮೇಲಿಟ್ಟು, ಕಾಫಿಗೆ ಎರಡು ಚಮಚ ಸಕ್ಕರೆ ಸುರಿದು, ಒಂದು ಪೋಲಿ ಹಾಡು ಹಾಡತೊಡಗಿದೆ. ಹೊರಗಿನಿಂದ ಬಂದ ಶೂಶಾನ್ ಬಾಗಿಲಲ್ಲೇ ನಿಂತಳು. ಬೂಟು ನೋಡಿದಳು. ಸಕ್ಕರೆ ಡಬ್ಬಿ ನೋಡಿದಳು. ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡು ತಾಯಿಯನ್ನು ಕರೆಯುವುದಕ್ಕೆ ಹೋದಳು. ಖುಷಿ ತಡೆಯಲಾಗದೆ ಹೋದಳು ಎಂದುಕೊಂಡೆ. ನಾನು ವಿಜ್ಞಾನದ ವಿದ್ಯಾರ್ಥಿ, ಹೆಂಗಸಿನ ಮುಖ ಪಠ್ಯದಲ್ಲಿರಲಿಲ್ಲ.

ಒಬ್ಬರು ಮಗುಚಿದರೆ ಊರು ಮಾಡುವ ಮೊದಲ ಕೆಲಸ ಹಳಬನನ್ನು ಬೈಯುವುದು. ರೊಟ್ಟಿ ಮನೆಯಲ್ಲಿ, ನೆಲದಲ್ಲಿ ಹೂತ ದೊಡ್ಡ ಒಲೆಯ ಸುತ್ತ ಎಲ್ಲರೂ ಸೇರುತ್ತಾರೆ. ಒಂದು ಕಡೆ ಹೆಂಗಸರು ಒಲೆಯ ಗೋಡೆಗೆ ಹಾಳೆಯಂಥ ತೆಳು ರೊಟ್ಟಿ ಬಡಿಯುತ್ತಿರುತ್ತಾರೆ, ಇನ್ನೊಂದು ಕಡೆ ಮಗುಚಿದವನು ಹಿಟ್ಟಿನ ಮರಿಗೆಯನ್ನು ಕವುಚಿ ಹಾಕಿ ಅದರ ಮೇಲೆ ಕೂತಿರುತ್ತಾನೆ. ಹಳಬನ ಬಗ್ಗೆ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಒಬ್ಬೊಬ್ಬರಾಗಿ ಅವನ ಮುಖದ ಮೇಲೇ ಹೇಳುತ್ತಾರೆ. ಹಳಬ ಹೋಗಿದ್ದಾನೆ, ಅವನಿಗೆ ತಲುಪುವುದಿಲ್ಲ. ಹೊಸಬನಿಗೆ ಸಂಬಂಧವಿಲ್ಲ, ಅವನು ಕೇಳಿ ನಗುತ್ತಾನೆ. ಮುಖ ಕೆಂಪಗಾದರೆ, ಸಮಜಾಯಿಷಿ ಕೊಡಲು ಹೋದರೆ, ಅವನು ಹಸಿ. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನಂತೂ ಯಾವ ಪ್ರಯೋಗಶಾಲೆಯಲ್ಲೂ ನೋಡಿಲ್ಲ.

ರೊಟ್ಟಿ ಸುಡುವ ದಿನ ಬರುವುದಕ್ಕೆ ಮೂರು ವಾರ ಹಿಡಿಯಿತು, ಅಲ್ಲಿಯವರೆಗೆ ಮನೆ, ಚರ್ಚು, ಅಂಗಡಿ ಎಲ್ಲ ಕಡೆ ನಾನು ವೇಷ ಬಿಡಲಿಲ್ಲ. ಮಾರ್ಗರ್ ಶುರು ಮಾಡಿದ. ಮಾಂಸ ತೂಗುವ ಮೊದಲು ತಕ್ಕಡಿಯ ಎರಡೂ ತಟ್ಟೆ ಒರೆಸಿ ತೋರಿಸು ಎನ್ನುತ್ತಿದ್ದ ಆ ಮನುಷ್ಯ, ನಾನು ಮಗುಚಿ ನೆಲದ ಮೇಲೆ ಕೂತು ಅಳುತ್ತಿದ್ದಾಗಲೂ ತಟ್ಟೆ ಒರೆಸಿದೆಯಾ ಎಂದು ಕೇಳಿದ್ದ ಎಂದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಪಾದ್ರಿ ಗೇಗಾಮ್, ಮಗುವಿಗೆ ಸ್ನಾನದೀಕ್ಷೆ ಕೊಡುವಾಗ ನೀರಿನ ತೊಟ್ಟಿಗೆ ಉಷ್ಣಮಾಪಕ ಅದ್ದಿದ ಏಕೈಕ ಕ್ರೈಸ್ತ ಅವನು, ಆಗ ನನಗೆ ದೇವರಿದ್ದ, ಅದಕ್ಕೇ ಸುಮ್ಮನಿದ್ದೆ, ಈಗಾಗಿದ್ದರೆ ಒದೆಯುತ್ತಿದ್ದೆ ಎಂದ. ಅತ್ತೆ ಸತೆನಿಕ್ ತಮ್ಮ ಗಂಡನ ಹೆಣ ಇಳಿಸುವಾಗ ಅಳಿಯ ಗುಂಡಿಯ ಆಳ ಸಾಲದು ಎಂದು ಮತ್ತೆ ಅಗೆಸಿದ ಕಥೆಯನ್ನು, ಅವತ್ತು ಅತ್ತಿದ್ದರ ಎರಡರಷ್ಟು ಈಗ ನಗುತ್ತಾ ಹೇಳಿದರು. ನನ್ನ ಕೆನ್ನೆ ನೋಯುತ್ತಿತ್ತು. ಆದರೆ ಒಂದು ವಿಚಿತ್ರ, ನಡುವೆ ಎಲ್ಲೋ ಒಂದು ಕಡೆ ಅಭ್ಯಾಸ ಮಾಡಿಕೊಂಡು ಬಂದಿದ್ದ ನಗು ಮುಗಿದುಹೋಗಿ ಬೇರೊಂದು ನಗು ಬರುತ್ತಿತ್ತು. ಆ ಗುಂಡಿಯ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ನಿಂತ ಆಸಾಮಿ ನಿಜಕ್ಕೂ ನಗೆಪಾಟಲಾಗಿದ್ದ.

ಆಮೇಲೆ ಆಲಿಕಲ್ಲಿನ ವರ್ಷದ ಮಾತು ಬಂತು. ಅದನ್ನು ಎತ್ತಿದವಳು ರೊಟ್ಟಿ ಬಡಿಯುತ್ತಿದ್ದ ಹಿರಿಯ ಹೆಂಗಸು ಹೈಕಾನುಶ್, ಊರಿನ ದೊಡ್ಡ ಜರ್ದಾಳು ತೋಟ ಅವಳದು. ಮೋಡ ಬಂದಾಗ ಊರೆಲ್ಲ ದಿಬ್ಬಕ್ಕೆ ಓಡಿ ಬಂದಿತ್ತು, ಫಿರಂಗಿ ಹಾರಿಸು ಎಂದು ಬೇಡಿಕೊಂಡಿತ್ತು. ಆ ಮಹಾನುಭಾವ ಸೀಮೆಸುಣ್ಣ ತೆಗೆದು ಗೋಡೆಯ ಮೇಲೆ ಮೋಡದ ಚಿತ್ರ ಬರೆದು, ಎತ್ತರ ಹೊಂದುವುದಿಲ್ಲ, ಹೊಂದಿದರೂ ಇದು ಕೆಲಸ ಮಾಡುವುದಿಲ್ಲ ಎಂದು ಪಾಠ ಮಾಡಿದ್ದ. ಪಾಠ ಮುಗಿಯುವುದರೊಳಗೆ ಆಲಿಕಲ್ಲು ಬಿದ್ದು ಮುಗಿದಿತ್ತು. 'ಹಣ್ಣು ಹೋಯ್ತು, ಹೋಗಲಿ. ಅವನ ಮುಖ ನನಗೆ ಮರೆಯಲ್ಲ. ನಮ್ಮ ತೋಟ ಹಾಳಾಗ್ತಾ ಇದ್ರೆ, ತನ್ನ ಉತ್ತರ ಸರಿಯಾಯ್ತು ಅಂತ ನೆಮ್ಮದಿಯಾಗಿದ್ದ' ಎಂದಳು ಹೈಕಾನುಶ್, ರೊಟ್ಟಿ ಬಡಿಯುತ್ತಲೇ. ಯಾರೂ ನಗಲಿಲ್ಲ. ನಾನು ನಗಬೇಕಿತ್ತು. ಬಾಯಿ ತೆರೆದೆ, ಸದ್ದು ಮಾತ್ರ ಬಂತು.

ಕೊನೆಗೆ ಬೈಯುವ ಹಕ್ಕು ಹೆಂಡತಿಯದು. ಶೂಶಾನ್ ಕೈಯ ಹಿಟ್ಟು ಒರೆಸಿಕೊಂಡು ಎದ್ದು ನಿಂತಳು. ನನ್ನ ಕಡೆ ನೋಡಲಿಲ್ಲ, ಒಲೆಯ ಕಡೆ ನೋಡಿಕೊಂಡು ಮಾತಾಡಿದಳು.

'ನಾನು ಬೈಯೋದಕ್ಕೆ ಬಂದಿಲ್ಲ. ನಾನು ಮಗುಚಿದ ಮೇಲೆ ಎಲ್ಲರೂ ನನಗೆ ಒಳ್ಳೆ ಮಾತೇ ಆಡಿದ್ರಿ. ಚೆನ್ನಾಗಿ ಹಾಡ್ತೀಯ, ಚೆನ್ನಾಗಿ ಕಲಿಸ್ತೀಯ, ಮೊದಲಿನ ಹಾಗೇ ಇದೀಯ ಅಂದ್ರಿ. ನಾನು ಯಾರು ಅಂತ ನನಗೇ ಗೊತ್ತಿರಲಿಲ್ಲ. ಒಂದು ದಿನ ಅವನನ್ನ ಕೇಳಿದೆ. ನೀನು ಹಾಡೋದು ಕೆಟ್ಟದಾಗಿದೆ, ಮಕ್ಕಳಿಗೂ ಗೊತ್ತು, ಆದರೆ ತಾಳ ಸರಿಯಾಗಿ ಹಾಕ್ತೀಯ, ಅದು ಹಳಬಳಿಗೆ ಬರ್ತಿರಲಿಲ್ಲ ಅಂದ. ಈ ಊರಲ್ಲಿ ನನ್ನನ್ನ ನೋಡಿ ಮಾತಾಡಿದೋನು ಅವನೊಬ್ಬ. ಸಹಿಸೋದಕ್ಕೆ ಆಗದ ಮನುಷ್ಯ, ನಿಜ. ಕೆಳಗಿನ ಬೀದಿ ಕೋಣೆ ನೋಡೋದಕ್ಕೆ ಹೋದೆ. ಚೆನ್ನಾಗೇ ಇತ್ತು. ಬೇಡ ಅಂತ ಹೇಳಿ ಬಂದೆ. ಅವನು ಮಗುಚದೇ ಇದ್ರೆ ಹಾಗೇ ಇರಲಿ, ನಾನು ಒಪ್ಪಿದೀನಿ ಅಂತ ಅವನಿಗೆ ಹೇಳೋಣ ಅಂತ ಮನೆಗೆ ಬಂದ್ರೆ, ಇವನು ಮೇಜಿನ ಮೇಲೆ ಬೂಟು ಇಟ್ಕೊಂಡು ಹಾಡ್ತಾ ಇದ್ದ.'

ಅವಳು ಕೂತಳು. ಒಲೆಯೊಳಗೆ ಒಂದು ರೊಟ್ಟಿ ಬಿದ್ದು ಸುಟ್ಟ ವಾಸನೆ ಬಂತು. ನನ್ನ ಹೆಂಡತಿ ನನಗಾಗಿ ಅಳುತ್ತಿದ್ದಳು, ನಾನು ಸತ್ತಿದ್ದೆ, ಕೊಂದವನೂ ನಾನೇ. ಸುಮ್ಮನಿದ್ದರೆ ಪರೀಕ್ಷೆಯಲ್ಲಿ ಪಾಸು, ವರನಾಗಿ ಹೋಗಿ ಕೂರಬಹುದು, ಅವಳು ಬೇಡ ಎನ್ನುತ್ತಾಳೆ. ನಿಜ ಹೇಳಿದರೆ ದರ್ಜಿಯ ಗತಿ.

'ಶೂಶಾನ್, ನಾನು ಎಲ್ಲೂ ಹೋಗಿಲ್ಲ' ಎಂದೆ. 'ಮಗುಚಿಲ್ಲ. ನೀನು ಹೊರಟುಹೋಗ್ತೀಯ ಅಂತ ಹೆದರಿ ವೇಷ ಹಾಕಿದೆ.'

ಆಮೇಲೆ ಆದ ಗದ್ದಲವನ್ನು ಪೂರ್ತಿ ಹೇಳಲಾರೆ. ಮಾರ್ಗರ್‌ಗೆ ಬಂದ ಸಿಟ್ಟು ಬೇರೆಯೇ ಬಗೆಯದು, ನಾನು ಮೂರು ವಾರದಿಂದ ಹೇಳುತ್ತಿದ್ದ ಮೇಕೆಯ ಜೋಕು ತನ್ನದೆಂದೂ, ಅದನ್ನು ನಾನು ಕೊನೆಯಲ್ಲಿ ಕೆಡಿಸುತ್ತಿದ್ದೆನೆಂದೂ ಕೂಗಾಡಿದ. ಯಾರೋ ದರ್ಜಿಯನ್ನು ಕರೆಯಿರಿ, ಜೊತೆಗಾರ ಸಿಕ್ಕ ಎಂದರು. ಆಗ ಪಾದ್ರಿ ಗೇಗಾಮ್ ಹಿಪ್ಪುನೇರಳೆ ಹಣ್ಣಿನ ಸಾರಾಯಿಯ ಲೋಟ ಕೆಳಗಿಟ್ಟು, ಸ್ವಲ್ಪ ತಡೆಯಿರಿ ಎಂದ. ದೇವರನ್ನು ಬಿಟ್ಟ ಮೇಲೆ ಅವನಿಗೆ ತರ್ಕದ ಹುಚ್ಚು ಹತ್ತಿತ್ತು. 'ಹಳಬ ಸುಳ್ಳು ಹೇಳಿದ್ದನ್ನ ಯಾರಾದ್ರೂ ನೋಡಿದೀರಾ? ಹೆಣದ ಮುಂದೇನೇ ಹೇಳದೋನು. ಇವನು ಹೆಂಡತಿಗೆ ಹೇಳಿದಾನೆ, ಅತ್ತೆಗೆ ಹೇಳಿದಾನೆ, ಚರ್ಚಲ್ಲಿ ನಿಂತು ನನಗೂ ಹೇಳಿದಾನೆ. ಅಂದ್ಮೇಲೆ ಇವನು ಅವನಲ್ಲ. ಮಗುಚಿದಾನೆ.' ಅತ್ತೆ ಸತೆನಿಕ್ ಬಿಡುತ್ತಾರೆಯೇ, ಪಾಸಾಗುವ ಹೊತ್ತಿಗೆ ಸರಿಯಾಗಿ ಎದ್ದು ನಿಂತು ಎಲ್ಲ ಹಾಳು ಮಾಡಿಕೊಂಡಿದ್ದಾನಲ್ಲ, ಅದು ಹಳಬನ ಕೆಲಸವೇ, ಬೇರೆ ಯಾರಿಗೂ ಆ ಬುದ್ಧಿ ಇಲ್ಲ ಎಂದರು. ಹೌದು ಎಂದರು ಅರ್ಧ ಜನ, ಅಲ್ಲ ಎಂದರು ಅರ್ಧ ಜನ. ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಹೈಕಾನುಶ್, ರೊಟ್ಟಿ ಆರುತ್ತಿದೆ, ಹಸಿಯೋ ಬೆಂದಿದ್ದೋ ಕಚ್ಚಿ ನೋಡಬೇಕಾದವಳು ಹೆಂಡತಿ, ನೋಡುವ ಶಾಸ್ತ್ರ ಬೇಕೋ ಬೇಡವೋ ಅವಳೇ ಹೇಳಲಿ ಎಂದಳು. ಶೂಶಾನ್ ಎದ್ದು ಹೊರಡುತ್ತಾ, ನಾಳೆ ಮಧ್ಯಾಹ್ನ ಅಮ್ಮನ ಮನೆಗೆ ಬರಲಿ, ಕಾಫಿ ಕೊಡುತ್ತೇನೆ, ಅದಕ್ಕಿಂತ ಹೆಚ್ಚಿಗೆ ಏನೂ ಹೇಳುವುದಿಲ್ಲ ಎಂದಳು.

ಮರುದಿನ ಒಗೆದ ಅಂಗಿ ಹಾಕಿಕೊಂಡು ಹೋದೆ. ಅದೇ ಮನೆ, ಮಾಳಿಗೆಯ ಸೋರಿಕೆಯನ್ನು ಹಿಂದಿನ ತಿಂಗಳು ನಾನೇ ಮುಚ್ಚಿದ್ದು. ಅತ್ತೆ ಬಾಗಿಲಲ್ಲಿ ನಿಂತು, ಮನೆ ಹುಡುಕುವುದು ಕಷ್ಟವಾಯಿತೇ ಎಂದು ಶಾಸ್ತ್ರಕ್ಕೆ ಸರಿಯಾಗಿ ಕೇಳಿದರು. ಇಲ್ಲ ಎಂದೆ. ಕುರ್ಚಿಯ ತುದಿಯಲ್ಲಿ ಕೂತೆ. ಮಾರ್ಗರ್ ನನ್ನ ಕಡೆಯ ಹಿರಿಯನಾಗಿ ಬಂದಿದ್ದ, ಇನ್ನೂ ಮೇಕೆಯ ಸಿಟ್ಟು ಇಳಿಯದ ಮುಖ. ಶೂಶಾನ್ ಕಾಫಿ ತಂದಿಟ್ಟು ಎದುರಿಗೆ ಕೂತಳು. ಕಣ್ಣು ಊದಿತ್ತು.

'ಏನು ಕೆಲಸ ಮಾಡ್ತೀಯಪ್ಪ?' ಎಂದರು ಅತ್ತೆ.

ಆಲಿಕಲ್ಲು ಫಿರಂಗಿ ಹಾರಿಸುತ್ತೇನೆ ಎಂದೆ.

'ಅದರಿಂದ ಏನಾದ್ರೂ ಪ್ರಯೋಜನ ಇದೆಯಾ?'

ಹಳಬನಾಗಿದ್ದರೆ ಇಲ್ಲ ಎನ್ನುತ್ತಿದ್ದ. ವೇಷದವನಾಗಿದ್ದರೆ ಒಂದು ಜೋಕು ಹೊಡೆಯುತ್ತಿದ್ದ. ಇಬ್ಬರಿಗೂ ಕಾದೆ, ಇಬ್ಬರೂ ಬರಲಿಲ್ಲ. ಬಾಯಿ ತಾನೇ ಮಾತಾಡಿತು. 'ಮೋಡಕ್ಕೆ ಏನೂ ಆಗಲ್ಲ ಅತ್ತೆ. ಅದು ನನಗೆ ಗೊತ್ತು. ಆದರೂ ಆ ವರ್ಷ ಹಾರಿಸಬೇಕಾಗಿತ್ತು. ಅಷ್ಟು ಜನ ದಿಬ್ಬದ ಮೇಲೆ ನಿಂತಿದ್ರು. ಹಣ್ಣು ಹೇಗೂ ಹೋಗ್ತಿತ್ತು, ಆದರೆ ಅವರ ಜೊತೆ ನಾನೂ ಒದ್ದಾಡಿದೆ ಅಂತಾದ್ರೂ ಆಗ್ತಿತ್ತು.' ಹೇಳಿದ ಮೇಲೆ ಯಾರು ಹೇಳಿದ್ದು ಎಂದು ತಿರುಗಿ ನೋಡಬೇಕೆನಿಸಿತು. ಮಾರ್ಗರ್ ನನ್ನ ಕಡೆ ನೋಡುತ್ತಿದ್ದ, ಕೊಕ್ಕೆಯ ಕುರಿಯನ್ನು ನೋಡಿದ ದಿನದ ಹಾಗೆ.

ಅತ್ತೆ ಮುಂದಿನ ಪ್ರಶ್ನೆ ಮರೆತರು. ಶೂಶಾನ್ ನನ್ನನ್ನು ತುಂಬ ಹೊತ್ತು ನೋಡಿದಳು, ಮಾಳಿಗೆಯಿಂದ ಬೆಟ್ಟ ನೋಡುವವಳಂತೆ ಅಲ್ಲ, ಅಂಗಡಿಯಲ್ಲಿ ಬಟ್ಟೆ ನೋಡುವವಳಂತೆ, ಅಂಚು ಹಿಡಿದು, ಬೆಳಕಿಗೆ ತಿರುಗಿಸಿ. 'ನಿನ್ನಲ್ಲಿ ಅವನು ಎಷ್ಟಿದಾನೆ?' ಎಂದು ಕೇಳಿದಳು.

ಗೊತ್ತಿಲ್ಲ, ಅಳೆಯುವುದಕ್ಕೆ ಬರುವುದಿಲ್ಲ ಎಂದೆ.

ಅವಳು ತಾಯಿಯ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇನೋ ಎಂಬಂತೆ ಹೇಳಿದಳು. 'ಹುಡುಗ ಪರವಾಗಿಲ್ಲಮ್ಮ. ಆ ಸತ್ತವನ ಬಟ್ಟೆಗಳೆಲ್ಲ ಮನೆಯಲ್ಲಿ ಹಾಗೇ ಇವೆ. ಇವನಿಗೆ ಸರಿಹೋಗತ್ತೆ.'